ಎಣ್ಣೆ, ಆರತಿ, ಮುಚ್ಚಿದ ಬಾಗಿಲು: ಕನ್ನಡದಲ್ಲಿ ಕ್ರಿಸ್ತನ ಪುನರಾಗಮನದ ನಿರೀಕ್ಷೆ

ಕನ್ನಡ ಕಾವ್ಯವು ಕ್ರಿಸ್ತನ ಮರಣವನ್ನು ಬಹುಬೇಗ ತನ್ನದಾಗಿಸಿಕೊಂಡಿತು. ಕ್ರಿಸ್ತನ ಪುನರಾಗಮನವನ್ನು ಮಾತ್ರ ಇಂದಿಗೂ ಅಂಗಳದಲ್ಲಿಯೇ ನಿಲ್ಲಿಸಿದೆ. ಹೀಗೆನ್ನಲು ನಮಗೆ ದೊರೆತಿರುವ ಮೊದಲ ಆಧಾರ ನಮ್ಮ ನೆರೆಯ ಮಂಜೇಶ್ವರದ್ದೇ. ರಾಷ್ಟ್ರಕವಿ ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕಡೆಯ ದಿನವನ್ನು ವಸ್ತುವಾಗಿರಿಸಿಕೊಂಡ ಖಂಡಕಾವ್ಯ. ಕ್ರೈಸ್ತರಲ್ಲದ ಕವಿಯೊಬ್ಬರು, ಅರಬೀ ಸಮುದ್ರದ ಅಂಚಿನ ಈ ಊರಿನಲ್ಲಿ ಕುಳಿತು, ಜೆರೂಸಲೇಮಿನ ಹೊರವಲಯದ ಗುಡ್ಡವೊಂದನ್ನು ಹಳಗನ್ನಡದ ಬಿಗಿಯಲ್ಲಿ ಎತ್ತಿ ನಿಲ್ಲಿಸಿದರು. ಆ ಕಾವ್ಯವನ್ನು ಓದಿದವರು ಕರುಣರಸಕ್ಕೆ ಮತವಿಲ್ಲವೆಂದು ಒಪ್ಪಿದರು. ಪೈಗಳೇ ಬುದ್ಧನ ಕೊನೆಯ ದಿನಗಳನ್ನು ಕುರಿತು 'ವೈಶಾಖಿ'ಯನ್ನೂ ಬರೆದರು. ಮಹಾಪುರುಷರ ಅಂತ್ಯವು ಅವರ ಪ್ರತಿಭೆಯನ್ನು ಸೆಳೆದ ಬಗೆ ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಕ್ರೈಸ್ತ ಶ್ರದ್ಧೆಯ ಪ್ರಕಾರ ಶಿಲುಬೆಯ ದಿನವು ಕಡೆಯ ದಿನವಲ್ಲ. ಅದರ ಮುಂದೆ ಪುನರುತ್ಥಾನವಿದೆ, ಸ್ವರ್ಗಾರೋಹಣವಿದೆ, ಎಲ್ಲಕ್ಕೂ ಮಿಗಿಲಾಗಿ ಮರಳಿ ಬರುವೆನೆಂಬ ವಾಗ್ದಾನವಿದೆ. ಮುಗಿದುದನ್ನು ಹಾಡುವ ಕಲೆ ನಮ್ಮ ಕವಿಗಳಿಗೆ ಸಿದ್ಧಿಸಿತು. ಇನ್ನೂ ಮುಗಿಯದಿರುವುದನ್ನು ಅವರೇಕೆ ಕೈಬಿಟ್ಟರು? ಈ ಸಮ್ಮೇಳನದ ಸಂಚಿಕೆಗಾಗಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು.

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಯೇಸು ಮರಳಿ ಬಂದು ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡುವನೆಂಬುದು ನಾಲ್ಕನೆಯ ಶತಮಾನದಿಂದ ಕ್ರೈಸ್ತಸಭೆಗಳು ಒಪ್ಪಿ ಪಠಿಸುತ್ತ ಬಂದ ವಿಶ್ವಾಸಸಂಗ್ರಹದ ಭಾಗ. ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಇದರಲ್ಲಿ ಭೇದವಿಲ್ಲ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು. ತಂದೆಗೆ ಹೊರತು ಮಗನಿಗೂ ತಿಳಿಯದೆಂದು ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯ ಹೇಳುತ್ತದೆ. ದಿನ ತಿಳಿಯದಿರುವುದರಿಂದಲೇ ಸಿದ್ಧತೆಯ ಪ್ರಶ್ನೆ ಹುಟ್ಟುತ್ತದೆ. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳ ಆಗಮನಕಾಲವನ್ನು ಹೆಚ್ಚಿನವರು ಹಬ್ಬದ ಪೂರ್ವಸಿದ್ಧತೆಯೆಂದೇ ತಿಳಿದಿದ್ದಾರೆ. ಆದರೆ ಕ್ಯಾಥೊಲಿಕ್ ಪೂಜಾವಿಧಿಯಲ್ಲಿ ಆ ಕಾಲದ ಮೊದಲ ಭಾನುವಾರ ಓದುವ ಸುವಾರ್ತೆ ಶಿಶುವಿನ ಜನನದ್ದಲ್ಲ, ಪುನರಾಗಮನದ ಎಚ್ಚರಿಕೆಯದ್ದು. ನಮ್ಮ ಸಮೀಪದ ಬೇಳದಲ್ಲಿ 1890ರ ಗಾಥಿಕ್ ಶೈಲಿಯ ಇಗರ್ಜಿಯಿದೆ. ಅದನ್ನು ನೋಡಲು ಬರುವವರು ಗೋಪುರದ ಎತ್ತರವನ್ನು ಮೆಚ್ಚಿ ಹೋಗುತ್ತಾರೆ. ಡಿಸೆಂಬರಿನ ಹೊಸ್ತಿಲಲ್ಲಿ ಒಳಗೆ ಏನನ್ನು ಓದುತ್ತಾರೆಂದು ಕೇಳುವವರು ವಿರಳ.

ಈ ನಿರೀಕ್ಷೆಯು ಕನ್ನಡಕ್ಕೆ ಬಂದಾಗ ಯಾವ ಪದಗಳನ್ನು ತೊಟ್ಟುಕೊಂಡಿತೆಂಬುದೇ ಒಂದು ಸ್ವಾರಸ್ಯವಾದ ಕಥೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲ್ಗೊಂಡು ಹಲವರು ಬೈಬಲ್ಲಿನ ಅನುವಾದಕ್ಕೆ ದುಡಿದರು, ತಿದ್ದಿದರು, ಮತ್ತೆ ತಿದ್ದಿದರು. ಇಂದು ನಮ್ಮ ಕೈಗೆ ಸಿಗುವ ಪಾಠಗಳಲ್ಲಿ ಒಂದೇ ಗ್ರೀಕ್ ಪದಕ್ಕೆ ಎರಡು ಕನ್ನಡ ರೂಪಗಳು ಕಾಣುತ್ತವೆ. ಒಂದು 'ಬರೋಣ', ಇನ್ನೊಂದು 'ಪ್ರತ್ಯಕ್ಷನಾಗುವುದು'. 'ಬರೋಣ' ಎಂದರೆ ಇಂದಿನ ಮಕ್ಕಳು 'ನಾವು ಬರೋಣ, ಹೋಗೋಣ' ಎಂಬ ಅರ್ಥವನ್ನಷ್ಟೇ ತಿಳಿಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಗದ್ಯದಲ್ಲಿ ಅದು ಭಾವನಾಮ: ಮಾಡೋಣ ಎಂದರೆ ಮಾಡುವಿಕೆ, ಬರೋಣ ಎಂದರೆ ಬರುವಿಕೆ. ಆ ಪ್ರಯೋಗ ಆಡುನುಡಿಯಿಂದಲೂ ಗ್ರಂಥಗಳಿಂದಲೂ ಮರೆಯಾದರೂ ಕ್ರೈಸ್ತ ಕನ್ನಡದಲ್ಲಿ ಬದುಕಿ ಉಳಿದಿದೆ. 'ಎರಡನೆಯ ಬರೋಣ' ಎಂದು ಬರೆದ ಗೋಡೆಬರಹವನ್ನು ಕಂಡು ನಗುವ ಪಂಡಿತರು, ತಮ್ಮ ಅಜ್ಜಂದಿರ ಕಾಲದ ವ್ಯಾಕರಣವನ್ನು ಕಂಡು ನಗುತ್ತಿರುವರೆಂಬುದನ್ನು ಅರಿಯರು.

'ಪ್ರತ್ಯಕ್ಷ'ದ ಸಂಗತಿ ಬೇರೆ. ಅದು ಭಕ್ತನ ತಪಸ್ಸಿಗೆ ಮೆಚ್ಚಿ ದೇವರು ಎದುರು ನಿಲ್ಲುವ ಪುರಾಣದ ಪದ. ಧ್ರುವನಿಗೆ ನಾರಾಯಣನು ಪ್ರತ್ಯಕ್ಷನಾದಂತೆ ಒಬ್ಬನಿಗೆ, ಅವನ ಕಾಲಕ್ಕೆ. ಕ್ರಿಸ್ತನ ಬರುವಿಕೆಯು ಎಲ್ಲರಿಗೂ ಒಮ್ಮೆಗೇ, ಅಪೇಕ್ಷಿಸದವನಿಗೂ ತಪ್ಪದು. ಗ್ರೀಕಿನ 'ಪರೂಸಿಯಾ' ಎಂಬ ಮೂಲಪದವನ್ನು ಆ ಕಾಲದಲ್ಲಿ ಅರಸನೋ ಅಧಿಕಾರಿಯೋ ಪಟ್ಟಣಕ್ಕೆ ಚಿತ್ತೈಸುವುದಕ್ಕೂ ಬಳಸುತ್ತಿದ್ದರು. ಬೀದಿ ಗುಡಿಸಿ, ತೋರಣ ಕಟ್ಟಿ, ಜನರು ಎದುರುಗೊಳ್ಳಲು ಊರ ಹೊರಗೆ ಹೋಗುವ ಸಂದರ್ಭ ಅದು. ಹಳಗನ್ನಡದ 'ಬಿಜಯಂಗೆಯ್' ಎಂಬ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಅನುವಾದಕರು ಪಂಪನನ್ನು ಓದುವ ಮೊದಲೇ ಅನುವಾದ ಮುಗಿದಿತ್ತೆಂದು ಕಾಣುತ್ತದೆ. ನಮ್ಮ ತುಳುನಾಡಿನವರಿಗಂತೂ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇಮದ ರಾತ್ರಿ ದೈವದ ಭಂಡಾರ ಹೊರಟಿತೆಂಬ ಸುದ್ದಿ ಬಂದೊಡನೆ ಮನೆಮಂದಿ ಅಂಗಳಕ್ಕೆ ಇಳಿಯುವ ಬಗೆಯನ್ನು ನೆನೆದರೆ ಸಾಕು.

'ಯುಗದ ಸಮಾಪ್ತಿ' ಎಂಬ ಪ್ರಯೋಗವನ್ನು ಇನ್ನಷ್ಟು ನಿಧಾನವಾಗಿ ನೋಡಬೇಕು. ಬೇರೊಂದು ಪಾಠದಲ್ಲಿ 'ಲೋಕಾಂತ್ಯ' ಎಂದಿದೆ. ಮೂಲಪದಕ್ಕೆ ಹತ್ತಿರವಾದುದು 'ಯುಗ'ವೇ. ಆದರೆ ಕನ್ನಡಿಗನ ಕಿವಿಯಲ್ಲಿ ಯುಗವೆಂದರೆ ಚಕ್ರ; ಕಲಿ ಮುಗಿದರೆ ಕೃತ. ಕಲ್ಕಿಯು ಬರುವನೆಂದು ನಮ್ಮ ಪುರಾಣಗಳೂ ಹೇಳಿವೆ. ಆದರೂ ಕಲ್ಕಿಗಾಗಿ ಮನೆಯ ದೀಪಕ್ಕೆ ಎಣ್ಣೆ ತುಂಬಿಟ್ಟವರನ್ನು ನಾವು ಕಂಡಿಲ್ಲ. ಕಲಿಯುಗಕ್ಕೆ 4,32,000 ವರ್ಷಗಳೆಂದು ಲೆಕ್ಕ ಹಾಕಿಕೊಟ್ಟ ಮೇಲೆ ಅವಸರವೆಲ್ಲಿಯದು? ಕ್ರೈಸ್ತರ ನಿರೀಕ್ಷೆಯಲ್ಲಿ ಇಂಥ ಅವಧಿ ಇಲ್ಲ. ಅದು ಇಂದು ಸಂಜೆಯಾಗಬಹುದು, ಸಾವಿರ ವರ್ಷದ ಮೇಲಾಗಬಹುದು. ನಮ್ಮ ಕವಿಗಳು ಈ ವಸ್ತುವನ್ನು ಕೈಗೆತ್ತಿಕೊಳ್ಳದಿರಲು ಇದು ಒಂದು ಕಾರಣವೆಂದು ನಮ್ಮ ಅಭಿಮತ. ಕಾಲವು ಸುತ್ತುತ್ತದೆಂದು ನಂಬಿದ ನಾಡಿಗೆ ಕೊನೆಯ ಬಾಗಿಲಿನ ಭಯ ಸಹಜವಾಗಿ ಬರಲಾರದು.

ಈಗ ಪ್ರಸಿದ್ಧವಾದ ಹತ್ತು ಮಂದಿ ಕನ್ಯೆಯರ ಸಾಮ್ಯಕ್ಕೆ ಬರೋಣ. (ಇಲ್ಲಿ 'ಬರೋಣ'ವು ಇಂದಿನ ಅರ್ಥದ್ದೇ.) ಮತ್ತಾಯನ 25ನೆಯ ಅಧ್ಯಾಯದ ಆರಂಭದಲ್ಲಿ ಇದಿದೆ. ಮದಲಿಂಗನನ್ನು ಎದುರುಗೊಳ್ಳಲು ಹತ್ತು ಮಂದಿ ದೀಪ ಹಿಡಿದು ಹೊರಟರು. ಐವರು ಬೇರೆ ಪಾತ್ರೆಯಲ್ಲಿ ಎಣ್ಣೆ ಒಯ್ದರು, ಐವರು ಒಯ್ಯಲಿಲ್ಲ. ಮದಲಿಂಗ ತಡಮಾಡಿದ. ನಡುರಾತ್ರಿ ಕೂಗು ಕೇಳಿತು. ಎಣ್ಣೆಯಿಲ್ಲದವರು ಉಳಿದವರಲ್ಲಿ ಬೇಡಿದರು. ಅವರು ಕೊಡದೆ ಅಂಗಡಿಗೆ ಕಳುಹಿಸಿದರು. ಇವರು ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಹಳೆಯ ಕನ್ನಡ ಪಾಠದಲ್ಲಿ ಆ ಕನ್ಯೆಯರ ಕೈಯಲ್ಲಿರುವುದು 'ಆರತಿ'. ಇದನ್ನು ಓದಿದಾಗ ನಮಗೆ ಮೊದಲು ಸಂತೋಷವೇ ಆಯಿತು. ಪರದೇಶದ ಕಥೆಯನ್ನು ಅನುವಾದಕರು ಒಂದೇ ಪದದಿಂದ ನಮ್ಮ ಮದುವೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ಮದುಮಗನಿಗೆ ಆರತಿ ಎತ್ತುವುದು ಯಾರಿಗೆ ತಿಳಿಯದು? 'ಮದಲಿಂಗ'ನೆಂಬ ಪದವೂ ಹಾಗೆಯೇ, ಅಚ್ಚ ಕನ್ನಡದ್ದು. ಆದರೆ ವಿಮರ್ಶಕನು ಸಂತೋಷದಲ್ಲಿಯೇ ನಿಲ್ಲಲಾಗದು. ಆರತಿಯ ಬತ್ತಿ ಉರಿಯುವುದು ಕೆಲವು ನಿಮಿಷ. ಅದನ್ನು ಹಚ್ಚುವುದೇ ವರನು ಬಂದ ಮೇಲೆ. ಅದಕ್ಕೆ ಬೇರೆ ಪಾತ್ರೆಯಲ್ಲಿ ಎಣ್ಣೆ ಒಯ್ಯಬೇಕಾದ ಪ್ರಸಂಗವೇ ಬಾರದು. ಹಾಗಾಗಿ ಕಥೆಯ ಕೀಲು ಇರುವಲ್ಲಿಯೇ ಪದವು ಸಡಿಲವಾಯಿತು. ಗ್ರೀಕ್ ಮೂಲದ ಪದಕ್ಕೆ ಪಂಜೆಂಬ ಅರ್ಥವೂ ಇದೆ. ಅದು ರಾತ್ರಿಯ ದಾರಿಯಲ್ಲಿ ಹಿಡಿದು ನಡೆಯುವ, ಮತ್ತೆ ಮತ್ತೆ ಎಣ್ಣೆ ಬೇಡುವ ಬೆಳಕು. ನಮ್ಮಲ್ಲಿ ಅದಕ್ಕೆ 'ದೀವಟಿಗೆ' ಎಂಬ ಹೆಸರು ಸಿದ್ಧವಾಗಿಯೇ ಇತ್ತು.

ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ದೀವಟಿಗೆಯೆಂದರೇನೆಂದು ವಿವರಿಸುವುದು ಅಧಿಕಪ್ರಸಂಗವಾದೀತು. ಗ್ಯಾಸ್‌ಲೈಟೂ ವಿದ್ಯುತ್ತೂ ಬರುವ ಮೊದಲು ಬಯಲಾಟಗಳು ಬೆಳಗಾಗುವವರೆಗೆ ನಡೆದುದು ದೀವಟಿಗೆಯ ಬೆಳಕಿನಲ್ಲಿಯೇ. ಅದಕ್ಕೆ ಎಣ್ಣೆ ಹೊಯ್ಯುವುದಕ್ಕೆಂದೇ ಒಬ್ಬನಿರುತ್ತಿದ್ದ. ಭಾಗವತರ ಹೆಸರು ಊರಿಗೆಲ್ಲ ತಿಳಿದಿತ್ತು, ವೇಷಧಾರಿಯ ಹೆಸರು ಸೀಮೆಗೆಲ್ಲ ತಿಳಿದಿತ್ತು. ಎಣ್ಣೆ ಹೊಯ್ಯುವವನ ಹೆಸರನ್ನು ಕೇಳಿದವರಿಲ್ಲ. ಆದರೆ ಮೂರನೆಯ ಜಾವದಲ್ಲಿ ಅವನು ತೂಕಡಿಸಿದರೆ ಕಿರೀಟವೂ ಇಲ್ಲ, ರಾವಣನೂ ಇಲ್ಲ. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯಜಮಾನನು ಬರಬಹುದಾದ ಹೊತ್ತುಗಳನ್ನು ನಾಲ್ಕಾಗಿ ಎಣಿಸಿದೆ: ಸಂಜೆ, ನಡುರಾತ್ರಿ, ಕೋಳಿ ಕೂಗುವ ಹೊತ್ತು, ಮುಂಜಾನೆ. ಚೌಕಿಪೂಜೆಯಿಂದ ಮಂಗಳದವರೆಗೆ ಆಟ ನೋಡಿದವರಿಗೆ ಈ ನಾಲ್ಕು ಹೊತ್ತುಗಳ ಭಾರ ಮೈಗೇ ಗೊತ್ತು. ಅನುವಾದದಲ್ಲಿ 'ದೀವಟಿಗೆ' ಎಂದಿದ್ದರೆ, ಸಿದ್ಧತೆಯೆಂಬುದು ಕ್ಷಣದ ಮಂಗಳಕಾರ್ಯವಲ್ಲ, ರಾತ್ರಿಯುದ್ದಕ್ಕೂ ಬೇಸರಪಡದೆ ಮಾಡಬೇಕಾದ ಚಾಕರಿಯೆಂಬುದು ನಮ್ಮ ಜನಕ್ಕೆ ಹೇಳದೆಯೇ ತಿಳಿಯುತ್ತಿತ್ತು.

ಮನೆಯ ಯಜಮಾನ ಮತ್ತು ಕಳ್ಳನ ಸಾಮ್ಯವೂ ಇದೆ. ಅಂಗಳದಲ್ಲಿ ಅಡಕೆ ಒಣಹಾಕಿ ಮಲಗುವ ನಮ್ಮ ಕಡೆಯವರಿಗೆ ಅದರ ವ್ಯಾಖ್ಯಾನ ಬೇಕಾಗಿಲ್ಲ.

ಸಾಮ್ಯವನ್ನು ಬೋಧಿಸುವವರು ಅವಸರದಲ್ಲಿ ಬಿಟ್ಟುಬಿಡುವ ಒಂದು ವಿವರವಿದೆ. ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ನಿದ್ದೆಹೋದರು. ಐವರಲ್ಲ, ಹತ್ತು ಮಂದಿಯೂ. ಕಥೆಯ ಕೊನೆಗೆ ಎಚ್ಚರವಾಗಿರಬೇಕೆಂಬ ಆದೇಶವಿದೆ ನಿಜ. ಆದರೆ ನಿದ್ದೆಹೋದುದಕ್ಕಾಗಿ ಯಾರನ್ನೂ ಹೊರಗಿಟ್ಟಿಲ್ಲ. ಹಾಗಿದ್ದಲ್ಲಿ ಇಲ್ಲಿಯ 'ಎಚ್ಚರ'ವು ಕಣ್ಣಿನದ್ದಲ್ಲ. ಮಲಗುವ ಮೊದಲು ಮಾಡಿಟ್ಟ ಕೆಲಸವೇ ಇಲ್ಲಿ ಎಚ್ಚರ. ಪುನರಾಗಮನವನ್ನು ಕುರಿತ ಕರಪತ್ರಗಳನ್ನೂ ಕಿರುಪುಸ್ತಕಗಳನ್ನೂ ಹಲವು ವರ್ಷಗಳಿಂದ ನಾವು ಓದುತ್ತ ಬಂದಿದ್ದೇವೆ. ರೈಲು ನಿಲ್ದಾಣದಲ್ಲಿ ಕೈಗಿತ್ತದ್ದನ್ನು ಓದದೆ ಬಿಸುಡುವ ಅಭ್ಯಾಸ ಅಧ್ಯಾಪಕನಿಗೆ ಬರುವುದಿಲ್ಲ. ಅವುಗಳಲ್ಲಿ ಬಹುಪಾಲು ಭಯದ ಗದ್ಯ. ಭೂಕಂಪ, ಯುದ್ಧ, ಬರಗಳ ಪಟ್ಟಿ. ಪ್ರತಿ ವಾಕ್ಯಕ್ಕೊಂದು ಆಶ್ಚರ್ಯಸೂಚಕ ಚಿಹ್ನೆ. ಸುವಾರ್ತೆಯಲ್ಲಿ ಯುದ್ಧ, ಬರ, ಭೂಕಂಪಗಳ ಮಾತು ಇದ್ದರೂ ಅವನ್ನು ಕಂಡು ಕಳವಳಪಡಬೇಡಿರೆಂಬ ಮಾತೂ ಅಲ್ಲಿಯೇ ಇದೆ. ಆ ಎರಡನೆಯ ಮಾತನ್ನು ಕರಪತ್ರಕಾರರು ಅಚ್ಚಿಗೆ ಕೊಡುವುದಿಲ್ಲ. ಭಯವನ್ನು ಹುಟ್ಟಿಸುವುದು ಸುಲಭ. ಬೇಸರವಿಲ್ಲದ ಕಾಯುವಿಕೆಯನ್ನು ಗದ್ಯದಲ್ಲಿ ಹಿಡಿಯುವುದು ಕಷ್ಟ.

ಬುದ್ಧಿವಂತೆಯರು ಎಣ್ಣೆ ಕೊಡದಿದ್ದುದರ ಬಗೆಗೆ ಕನ್ನಡ ಓದುಗನಿಗೆ ಇರುಸುಮುರುಸಾಗುವುದುಂಟು. ನೆರೆಮನೆಯವರು ಸೌಟು ಎಣ್ಣೆ ಕೇಳಿದರೆ ಇಲ್ಲವೆನ್ನದ ಊರು ನಮ್ಮದು. ಹತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನಮ್ಮನ್ನೇ ಕೇಳಿದ್ದ: "ಸಾರ್, ಅವರು ಸ್ವಲ್ಪ ಕೊಟ್ಟಿದ್ದರೆ ಏನಾಗುತ್ತಿತ್ತು?" ಒಳ್ಳೆಯ ಪ್ರಶ್ನೆ. ಉತ್ತರವು ಆ ಕಥೆಯೊಳಗೆ ಇಲ್ಲ, ಅದೇ ಅಧ್ಯಾಯದ ಕೊನೆಯಲ್ಲಿದೆ. ಅಲ್ಲಿ ರಾಜನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಜನರನ್ನು ಬೇರ್ಪಡಿಸುತ್ತಾನೆ. ಅವನು ಕೇಳುವುದು ಹಸಿದವನಿಗೆ ಉಣಿಸಿದಿರಾ, ಬಾಯಾರಿದವನಿಗೆ ನೀರು ಕೊಟ್ಟಿರಾ, ಪರದೇಶಿಯನ್ನು ಒಳಗೆ ಕರೆದಿರಾ, ರೋಗಿಯನ್ನೂ ಸೆರೆಯಲ್ಲಿರುವವನನ್ನೂ ನೋಡಹೋದಿರಾ ಎಂದು. ನೀತಿವಂತರಿಗೆ ತಾವು ಯಾವಾಗ ಅದನ್ನು ಮಾಡಿದೆವೆಂಬುದೇ ನೆನಪಿಲ್ಲ. ಎಣ್ಣೆಯೆಂದರೆ ಇದಾಗಿದ್ದರೆ, ಅದನ್ನು ನಡುರಾತ್ರಿ ಸೌಟಿನಲ್ಲಿ ಅಳೆದು ಕೊಡುವುದು ಸಾಧ್ಯವಿಲ್ಲ. ಇನ್ನೊಬ್ಬರು ರೋಗಿಯ ಬಳಿ ಕಳೆದ ರಾತ್ರಿಗಳನ್ನು ನಾವು ಸಾಲ ಪಡೆಯುವುದು ಹೇಗೆ? ಸಾಮ್ಯವನ್ನು ಬಿಡಿಯಾಗಿ ಓದದೆ ಅಧ್ಯಾಯವನ್ನು ಇಡಿಯಾಗಿ ಓದಬೇಕೆನ್ನುವುದು ಇದಕ್ಕೇ.

ಇತಿಹಾಸದಲ್ಲಿಯೂ ಇದಕ್ಕೊಂದು ವಿಚಿತ್ರವಾದ ನಿದರ್ಶನ ನಮ್ಮ ಕರಾವಳಿಯಲ್ಲಿ ದೊರೆಯುತ್ತದೆ. ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬೆಂಗೆಲ್ ಎಂಬ ಮಹಾವಿದ್ವಾಂಸನಿದ್ದ. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶೋಧಿಸಿದ ಶಾಸ್ತ್ರಜ್ಞನೇ ಪ್ರಕಟನೆಯ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಾವಿರ ವರ್ಷದ ಆಳಿಕೆಗೆ 1836ನೆಯ ಇಸವಿಯನ್ನು ಗುರುತಿಸಿಟ್ಟ. ಆ ಸೀಮೆಯ ಭಕ್ತಮಂಡಲಿಗಳಲ್ಲಿ ಈ ಲೆಕ್ಕ ತಲೆಮಾರುಗಳ ಕಾಲ ಮಾತಾಗಿ ಉಳಿಯಿತು. 1836 ಬಂತು, ಹೋಯಿತು. ಅದೇ ವರ್ಷ ಅದೇ ವ್ಯೂರ್ಟೆಂಬರ್ಗಿನಿಂದ ಹರ್ಮನ್ ಮೊಗ್ಲಿಂಗ್ ಎಂಬ ತರುಣ ಪಾದ್ರಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದ. ಅವನ ಮನಸ್ಸಿನಲ್ಲಿ ಬೆಂಗೆಲನ ಲೆಕ್ಕಕ್ಕೆ ಎಷ್ಟು ಸ್ಥಾನವಿತ್ತೆಂಬ ಚರ್ಚೆಗೆ ನಾವು ಹೋಗುವುದಿಲ್ಲ. ಅವನ ಕೈಗಳು ಮಾಡಿದ್ದನ್ನು ನೋಡೋಣ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಟಿತು. ಕನ್ನಡಿಗರಿಗೆ ಮೊದಲ ಸಮಾಚಾರಪತ್ರ ದೊರೆಯಿತು. 1841ರಲ್ಲಿ ಆರಂಭವಾಗಿದ್ದ ಮಿಷನ್ ಮುದ್ರಣಾಲಯದಿಂದ ದಾಸರ ಪದಗಳೂ ಜೈಮಿನಿ ಭಾರತವೂ ಅಚ್ಚಾದವು. ಸಮುದ್ರದಾಚೆ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ಕಾದು ಕುಳಿತರು. ಅವರಲ್ಲಿ ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಬೆಳಗಾದಾಗ ಬೆಳೆ ಹಾಗೆಯೇ ಇತ್ತು. ಇತ್ತ ಮಂಗಳೂರಿನಲ್ಲಿ ಅದೇ ನಿರೀಕ್ಷೆಯನ್ನು ಹೊತ್ತವರು ಕರಡು ತಿದ್ದುತ್ತಿದ್ದರು. 1865ರಲ್ಲಿ ಜೆಪ್ಪುವಿನಲ್ಲಿ ಅವರೇ ಹಂಚಿನ ಕಾರ್ಖಾನೆಯನ್ನೂ ತೆರೆದರು. ಲೋಕಕ್ಕೆ ಕೊನೆಯುಂಟೆಂದು ಬೋಧಿಸಿದವರು ನೂರು ವರ್ಷ ಬಾಳುವ ಹಂಚನ್ನು ನಮ್ಮ ಮಾಡುಗಳಿಗೆ ಹೊದೆಸಿ ಹೋದರು! ಮಳೆಗಾಲದಲ್ಲಿ ಅದರ ಕೆಳಗೆ ಕುಳಿತು ಅವರ ದೇವತಾಶಾಸ್ತ್ರವನ್ನು ಆಕ್ಷೇಪಿಸುವುದಕ್ಕೆ ನಮಗೆ ಈಗಲೂ ಅನುಕೂಲವಿದೆ.

ಅವರ ಸಾಹಿತ್ಯವನ್ನು ಆಕ್ಷೇಪಿಸಲೂ ಅವಕಾಶವಿದೆ. ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸಿದ ಸಂಗೀತಗಳಲ್ಲಿ ಅಕ್ಷರಗಳು ಹಲವೆಡೆ ಬಿಗಿಯಾದ ಪಾದರಕ್ಷೆ ಧರಿಸಿದಂತೆ ಕುಂಟುತ್ತವೆ. ಗುರು ಬರಬೇಕಾದಲ್ಲಿ ಲಘು ಎಳೆಯಲ್ಪಟ್ಟು ನರಳುತ್ತದೆ. ಈ ತೊಡಕನ್ನು ಬಲ್ಲವನು ಕಿಟ್ಟೆಲ್. 1862ರಲ್ಲಿ ಅವನು 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮದೇ ಛಂದಸ್ಸಿಗೆ ಇಳಿಸಿದ. ಮುಂದೆ 1894ರ ನಿಘಂಟಿನಿಂದ ಅವನಿಗೆ ಬಂದ ಕೀರ್ತಿಯ ನೆರಳಿನಲ್ಲಿ ಆ ಕೃತಿ ಮರೆಯಾದುದು ನ್ಯಾಯವಲ್ಲ.

ಆದರೆ ನಮ್ಮ ಮೂಲಪ್ರಶ್ನೆ ಹಾಗೆಯೇ ಉಳಿದಿದೆ. ಕಾಯುವಿಕೆಯ ರಸ ನಮ್ಮಲ್ಲಿ ಇಲ್ಲದ್ದೇನಲ್ಲ. ಭರತನು ಎಣಿಸಿದ ಎಂಟು ನಾಯಿಕೆಯರಲ್ಲಿ ವಾಸಕಸಜ್ಜಿಕೆಯೊಬ್ಬಳು: ಮನೆಯನ್ನೂ ತನ್ನನ್ನೂ ಸಿಂಗರಿಸಿ ಇನಿಯನ ದಾರಿ ನೋಡುವವಳು. ಅವನು ತಡಮಾಡಿದರೆ ಅವಳೇ ವಿರಹೋತ್ಕಂಠಿತೆ. ಹತ್ತು ಕನ್ಯೆಯರ ರಾತ್ರಿಯು ಈ ಎರಡು ಅವಸ್ಥೆಗಳ ನಡುವಿನದ್ದಲ್ಲದೆ ಮತ್ತೇನು? ಚೆನ್ನಮಲ್ಲಿಕಾರ್ಜುನನನ್ನು ಪತಿಯೆಂದು ವರಿಸಿದ ಅಕ್ಕಮಹಾದೇವಿಯ ವಚನಗಳಲ್ಲಿ ಆ ತವಕ ಉಂಟು. ಶಬರಿಯಂತೂ ನಮ್ಮ ನವೋದಯದ ಅಕ್ಕರೆಯ ಪಾತ್ರ. ವೀ.ಸೀ. ಅವಳನ್ನು ಹಾಡಿದರು, ಪು.ತಿ.ನ. ಗೀತನಾಟಕವಾಗಿಸಿದರು, ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವಳಿಗೆ ಹಿರಿದಾದ ಎಡೆ ಕೊಟ್ಟರು. ದಿನದಿನವೂ ದಾರಿ ಗುಡಿಸಿ ಹಣ್ಣು ಆಯ್ದಿಡುವ ಆ ಮುದುಕಿಗಿಂತ ಸಿದ್ಧಳಾದವಳು ಯಾವ ಸಾಹಿತ್ಯದಲ್ಲಿದ್ದಾಳೆ? ಕ್ರೈಸ್ತ ಬೋಧಕರು ಅವಳನ್ನು ದೃಷ್ಟಾಂತವಾಗಿ ಎತ್ತಿಕೊಂಡರೆ ಅವರ ಬೋಧನೆ ಕನ್ನಡಿಗರ ಎದೆಗೆ ಬೇಗ ಇಳಿಯುತ್ತದೆಂದು ನಮ್ಮ ನಂಬಿಕೆ.

ಆದರೆ ಶಬರಿಯ ಕಥೆಗೂ ಕನ್ಯೆಯರ ಕಥೆಗೂ ಒಂದು ಭೇದವಿದೆ. ನಮ್ಮ ಕವಿಗಳು ತಡೆದು ನಿಂತುದು ಅಲ್ಲಿಯೇ. ಶಬರಿಯ ಕುಟೀರಕ್ಕೆ ಬಾಗಿಲು ಮುಚ್ಚುವ ಪ್ರಶ್ನೆಯಿಲ್ಲ. ರಾಮನು ಬಂದೇ ಬರುವನು, ಅವಳು ಇದ್ದೇ ಇರುವಳು. ನಮ್ಮ ಭಕ್ತಿಕಾವ್ಯದಲ್ಲಿ ದೇವರ ಬಾಗಿಲು ಕೊನೆಗಾದರೂ ತೆರೆಯುತ್ತದೆ. ತೆರೆಯದಿದ್ದರೆ ಉಡುಪಿಯಲ್ಲಿ ಕನಕನಿಗಾದಂತೆ ಗೋಡೆಯೇ ಬಿರಿಯುತ್ತದೆ. ಅಜಾಮಿಳನಿಗೆ ಕೊನೆಯುಸಿರಿನಲ್ಲಿ ಕರೆದ ಮಗನ ಹೆಸರೇ ಸಾಕಾಯಿತು. ಇಂಥ ಪರಂಪರೆಯಲ್ಲಿ ಬೆಳೆದ ಕವಿಗೆ, ತಡವಾಗಿ ಬಂದವರನ್ನು ಅರಿಯೆನೆಂದು ಒಳಗಿನಿಂದ ಹೇಳುವ ಮದಲಿಂಗ ಒಗ್ಗುವುದಿಲ್ಲ. ಶಿಲುಬೆಯ ಮೇಲೆ ಕಳ್ಳನಿಗೂ ಪರದೈಸನ್ನು ಕೊಟ್ಟ ಯೇಸು ಅವನಿಗೆ ಸಮೀಪದವನು. ಬಾಗಿಲು ಹಾಕಿದ ಯೇಸು ದೂರದವನು. ಗೋವಿಂದ ಪೈಗಳು ಗೊಲ್ಗೊಥಾದಲ್ಲಿ ನಿಂತುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಆದರೆ ಅದರಿಂದ ಕನ್ನಡದ ಕ್ರಿಸ್ತನು ಅರ್ಧವಾದನು. ನಾವು ಅವನಿಗಾಗಿ ಅತ್ತೆವು. ಅವನು ನಮ್ಮನ್ನು ಏನನ್ನಾದರೂ ಕೇಳಲು ಬರಬಹುದೆಂಬುದನ್ನು ಕಾವ್ಯದಲ್ಲಿ ಎಣಿಸಲಿಲ್ಲ. ಇದನ್ನು ಹಿರಿಯ ಕವಿಯ ಮೇಲಿನ ದೂರೆಂದು ತಿಳಿಯಬಾರದು. ಒಂದು ದಿನದ ಕಾವ್ಯವನ್ನು ಬರೆದವನಲ್ಲಿ ಮರುದಿನದ್ದನ್ನು ಕೇಳುವುದು ಓದುಗನ ಹಸಿವಷ್ಟೆ.

ಕಾಸರಗೋಡಿನ ಕನ್ನಡಿಗರಿಗೆ ಕಾಯುವುದೆಂದರೇನೆಂದು ಬೇರೆಯವರು ಕಲಿಸಬೇಕಾಗಿಲ್ಲ ಎಂಬ ಮಾತನ್ನೂ ಇಲ್ಲಿ ಸೇರಿಸಬೇಕಾಗಿದೆ. 1956ರ ನವೆಂಬರ್ 1ರಿಂದ ನಾವು ಕಾದವರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಸೀಮೆ ಮೈಸೂರಿಗೆ ಸೇರಬೇಕೆಂದು ವರದಿಯಿತ್ತಾಗ ಮದಲಿಂಗನ ಕೂಗು ಕೇಳಿಸಿತೆಂದೇ ಎಲ್ಲರೂ ಎದ್ದು ನಿಂತೆವು. ಆಮೇಲೆ ಏನಾಯಿತೆಂಬುದು ಓದುಗರಿಗೆ ತಿಳಿದಿದೆ. ಆ ದೀರ್ಘರಾತ್ರಿಯಲ್ಲಿ ಕೆಲವರು ಶಾಲೆಗಳಲ್ಲಿ ಕನ್ನಡ ಕಲಿಸುತ್ತ, ಪುಸ್ತಕ ಹಂಚುತ್ತ, ತಾಳಮದ್ದಳೆ ನಡೆಸುತ್ತ ಎಣ್ಣೆ ಹೊಯ್ದರು. ಕೆಲವರು ಕೂಗಿಗಾಗಿ ಮಾತ್ರ ಕಿವಿ ನಿಗುರಿಸಿ ಕುಳಿತು, ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದರು. ಯಾರು ಯಾರೆಂದು ಹೆಸರಿಸುವುದು ಸಂಚಿಕೆಯ ಮರ್ಯಾದೆಗೆ ತಕ್ಕುದಲ್ಲ. ಆದರೆ ಮತ್ತಾಯನ 25ನೆಯ ಅಧ್ಯಾಯವನ್ನು ಓದುವಾಗಲೆಲ್ಲ, ಕ್ರೈಸ್ತರಲ್ಲದ ನಮಗೆ, ಅದು ನಮ್ಮ ಊರಿನ ಕಥೆಯೆಂದು ತೋರುವುದುಂಟು. ನಿದ್ದೆಹೋದವರು ಇಲ್ಲಿಯೂ ಹತ್ತು ಮಂದಿಯೇ.

ಇನ್ನು ಮುಂದೆ ಈ ವಸ್ತುವನ್ನು ಕೈಗೆತ್ತಿಕೊಳ್ಳುವ ಕವಿ ಯಾರಾದರೂ ಇದ್ದರೆ, ಒಳಗೆ ಹೋದ ಐವರನ್ನು ಬಿಟ್ಟು ಹೊರಗೆ ನಿಂತ ಐವರಿಂದ ಆರಂಭಿಸಬಹುದೆಂದು ನಮ್ಮ ಸೂಚನೆ. ಅವರು ಅಂಗಡಿಗೆ ಹೋದುದು ನಿಜ. ನಡುರಾತ್ರಿಯಲ್ಲಿ ಅಂಗಡಿಯವನನ್ನು ಎಬ್ಬಿಸಿದುದು ನಿಜ. ಮರಳಿ ಬರುವಾಗ ಅವರ ಕೈಯಲ್ಲಿ ಎಣ್ಣೆ ಇದ್ದಿರಲೂ ಬೇಕು. ಒಳಗೆ ಮದುವೆಯ ಊಟ ನಡೆದಿದೆ. ಹೊರಗೆ ತುಂಬಿದ ದೀವಟಿಗೆಗಳನ್ನು ಹಿಡಿದ ಐದು ಮಂದಿ ಹುಡುಗಿಯರು. ಆ ರಾತ್ರಿಯ ಉಳಿದ ಭಾಗವನ್ನು ಅವರು ಎಲ್ಲಿ ಕಳೆದರೆಂಬುದನ್ನು ಮತ್ತಾಯನು ಬರೆದಿಲ್ಲ.